ತ್ರಿಭುಜಗಳನ್ನು ಜೋಡಿಸಿದ ಗುರು: ರಿಚರ್ಡ್ ಕೂರಾಂಟ್

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗಾಗಿ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನ್ನನ್ನು ಪ್ರೀತಿಯಿಂದ ಕೇಳಿಕೊಂಡಿದ್ದಾರೆ. ಕವಿಗಳ, ದೇಶಭಕ್ತರ, ಸಾಧುಸಂತರ ಚರಿತ್ರೆಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ನಾನಾದರೋ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಶಿಕ್ಷಕ ತರಬೇತಿ ಪಡೆದು, ಬಾಳಿನ ಬಹುಭಾಗವನ್ನು ಕರಿಹಲಗೆಯ ಮುಂದೆ ಗಣಿತ ಪಾಠ ಹೇಳುವುದರಲ್ಲಿ ಕಳೆದವನು. ಆದುದರಿಂದ ಗಣಿತದ ಒಬ್ಬ ಅಧ್ಯಾಪಕರ ಬಾಳನ್ನೇ ಆರಿಸಿಕೊಂಡಿದ್ದೇನೆ. ಅವರ ಹೆಸರು ರಿಚರ್ಡ್ ಕೂರಾಂಟ್. 1888ರಲ್ಲಿ ಜನಿಸಿ 1972ರಲ್ಲಿ ತೀರಿಕೊಂಡ ಈ ಮಹನೀಯರು ಗಣಿತಲೋಕದಲ್ಲಿ ಸುಪ್ರಸಿದ್ಧರು. ನಮ್ಮ ಪಠ್ಯಪುಸ್ತಕಗಳಲ್ಲಿ ಮಾತ್ರ ಅವರ ಹೆಸರು ಕಾಣಸಿಗುವುದಿಲ್ಲ.

ಈ ಹೆಸರನ್ನು ನನಗೆ ಮೊದಲು ಹೇಳಿದವನು ನಮ್ಮ ಶಾಲೆಯಲ್ಲಿಯೇ ಕಲಿತು ಈಗ ಇಂಜಿನಿಯರನಾಗಿರುವ ಒಬ್ಬ ಹಳೆಯ ವಿದ್ಯಾರ್ಥಿ. ಯಂತ್ರಭಾಗಗಳನ್ನು ಎರಕ ಹೊಯ್ಯುವುದಕ್ಕೆ ಮುಂಚೆಯೇ ಅವು ಎಷ್ಟು ಭಾರ ತಾಳಿಯಾವು, ಎಲ್ಲಿ ಬಿರುಕು ಬಿಟ್ಟಾವು ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಅವನ ಉದ್ಯೋಗ. ಈ ಲೆಕ್ಕಾಚಾರಕ್ಕೆ ಫೈನೈಟ್ ಎಲಿಮೆಂಟ್ ವಿಧಾನ ಎಂದು ಹೆಸರು. ಕನ್ನಡದಲ್ಲಿ ಪರಿಮಿತ ಘಟಕಗಳ ವಿಧಾನ ಎನ್ನಬಹುದು. ಒಂದು ದೊಡ್ಡ ವಸ್ತುವನ್ನು ಲೆಕ್ಕಕ್ಕೆ ಸಿಗುವಂತಹ ಚಿಕ್ಕ ಚಿಕ್ಕ ತುಂಡುಗಳಾಗಿ ವಿಭಾಗಿಸಿ, ಒಂದೊಂದು ತುಂಡಿನ ಗುಣವನ್ನು ತಿಳಿದು, ಅವುಗಳನ್ನು ಮರಳಿ ಜೋಡಿಸಿ ಇಡೀ ವಸ್ತುವಿನ ನಡತೆಯನ್ನು ಕಂಡುಕೊಳ್ಳುವುದು ಅದರ ಸಾರ. ಇಂದು ವಿಮಾನದ ರೆಕ್ಕೆ, ಅಣೆಕಟ್ಟು, ಸೇತುವೆ, ಮಂಡಿಚಿಪ್ಪಿನ ಶಸ್ತ್ರಚಿಕಿತ್ಸೆಯಲ್ಲಿ ಇಡುವ ಲೋಹದ ಕೀಲು, ಇವೆಲ್ಲವೂ ಈ ಲೆಕ್ಕವನ್ನು ದಾಟಿಯೇ ಹೊರಬರುತ್ತವೆ. ಇದರ ಗಣಿತದ ಬೀಜವನ್ನು 1943ರಲ್ಲಿ ಸ್ಪಷ್ಟವಾಗಿ ಬರೆದಿಟ್ಟವರು ಕೂರಾಂಟರು.

ಗಡಿಯ ಊರು, ಬಡತನದ ಬಾಲ್ಯ

ಕೂರಾಂಟರು ಹುಟ್ಟಿದ್ದು 1888ರ ಜನವರಿ 8ರಂದು, ಮೇಲಣ ಸೈಲೀಷಿಯಾ ಪ್ರಾಂತದ ಲುಬ್ಲಿನಿಟ್ಸ್ ಎಂಬ ಸಣ್ಣ ಪೇಟೆಯಲ್ಲಿ. ಅದು ಜರ್ಮನ್ ಮತ್ತು ಪೋಲಿಷ್ ಭಾಷೆಗಳೆರಡೂ ಕೇಳಿಬರುತ್ತಿದ್ದ ಗಡಿನಾಡು. ಅವರು ಹುಟ್ಟಿದಾಗ ಊರು ಜರ್ಮನಿಗೆ ಸೇರಿತ್ತು. 1922ರಲ್ಲಿ ಪೋಲೆಂಡಿಗೆ ಸೇರಿತು. ಅವರು ಓದಿ ಬೆಳೆದ ಬ್ರೆಸ್ಲಾವ್ ನಗರವು ಸಹ ಎರಡನೆಯ ಮಹಾಯುದ್ಧದ ತರುವಾಯ, 1945ರಲ್ಲಿ, ಪೋಲೆಂಡಿನ ವ್ರೊತ್ಸ್ವಾಫ್ ಆಯಿತು. ಊರು ಇದ್ದಲ್ಲಿಯೇ ಇದ್ದು ನಾಡಿನ ಗೆರೆ ಮಾತ್ರ ಸರಿದುಹೋಗುವುದು ಎಂದರೇನೆಂಬುದನ್ನು ಕಾಸರಗೋಡಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ನಮ್ಮ ಹಿರಿಯರು ಮನೆ ಬದಲಾಯಿಸದೆಯೇ ರಾಜ್ಯ ಬದಲಾಯಿಸಿದರು.

ತಂದೆ ಸೀಗ್‌ಮುಂಡ್ ಸಣ್ಣ ವ್ಯಾಪಾರಿ, ಯೆಹೂದಿ ಮನೆತನ. ಮೂವರು ಗಂಡುಮಕ್ಕಳಲ್ಲಿ ರಿಚರ್ಡ್ ಹಿರಿಯವರು. ವ್ಯಾಪಾರ ಕೈಹಿಡಿಯದೆ ಸಂಸಾರವು ಊರಿಂದೂರಿಗೆ ಹೋಗಬೇಕಾಯಿತು. ಹದಿನಾಲ್ಕನೆಯ ವಯಸ್ಸಿನಿಂದಲೇ ಬಾಲಕ ರಿಚರ್ಡ್ ಇತರರಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ನೋಡಿಕೊಳ್ಳತೊಡಗಿದನು. ತಂದೆತಾಯಿಗಳು ಬರ್ಲಿನ್ನಿಗೆ ಹೊರಟುಹೋದ ಮೇಲೂ ಅವನು ಬ್ರೆಸ್ಲಾವಿನಲ್ಲಿ ಒಬ್ಬನೇ ನಿಂತು ವಿದ್ಯಾಭ್ಯಾಸ ಮುಂದುವರಿಸಿದನು. ತಾನು ಕಲಿತದ್ದನ್ನು ಮರುದಿನವೇ ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬೇಕಾದ ಅನಿವಾರ್ಯತೆ ಅವನಿಗಿತ್ತು. ಮುಂದೆ ಅವರು ಬರೆದ ಗ್ರಂಥಗಳಲ್ಲಿ ಕಾಣುವ ವಿಶದತೆಯ ಬೇರು ಇಲ್ಲಿಯೇ ಇದೆಯೆಂದು ನನ್ನ ನಂಬಿಕೆ.

1907ರಲ್ಲಿ ಅವರು ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಬಂದರು. ಆ ಕಾಲದಲ್ಲಿ ಗಣಿತಕ್ಕೆ ಗಟ್ಟಿಂಗೆನ್ ಎಂದರೆ ಸಂಗೀತಕ್ಕೆ ತಂಜಾವೂರು ಇದ್ದ ಹಾಗೆ. ಅಲ್ಲಿ ಗುರುಗಳಾದ ಡೇವಿಡ್ ಹಿಲ್ಬರ್ಟರು 1908ರಲ್ಲಿ ಈ ತರುಣನನ್ನು ತಮ್ಮ ಸಹಾಯಕನನ್ನಾಗಿ ತೆಗೆದುಕೊಂಡರು. 1910ರಲ್ಲಿ ಕೂರಾಂಟರಿಗೆ ಡಾಕ್ಟರೇಟ್ ದೊರೆಯಿತು. ಅವರ ಪ್ರಬಂಧದ ವಿಷಯವನ್ನು ಒಂದಿಷ್ಟು ವಿವರಿಸುವುದು ಅವಶ್ಯ. ಏಕೆಂದರೆ ಮುಂದಿನದೆಲ್ಲವೂ ಅದರಿಂದಲೇ ಹೊರಟಿದೆ.

ಅಂಚು ನಿಂತರೆ ಮೈ ನಿಲ್ಲುವುದು

ಒಂದು ತಂತಿಯನ್ನು ಬಾಗಿಸಿ, ತುದಿಗಳನ್ನು ಕೂಡಿಸಿ, ಡೊಂಕುಡೊಂಕಾದ ಬಳೆಯೊಂದನ್ನು ಮಾಡಿ, ಸಾಬೂನಿನ ನೀರಿನಲ್ಲಿ ಅದ್ದಿ ತೆಗೆಯಿರಿ. ಬಳೆಗೆ ತೆಳ್ಳನೆಯ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಆ ಪೊರೆಯ ನಡುವಿಗೆ ಹೀಗೆ ನಿಲ್ಲೆಂದು ಯಾರೂ ಅಪ್ಪಣೆ ಮಾಡಿಲ್ಲ. ನಾವು ನಿಶ್ಚಯಿಸಿದ್ದು ಅಂಚಿನ ತಂತಿಯನ್ನು ಮಾತ್ರ. ಆದರೂ ಪೊರೆಯು ಸುಮ್ಮನೆ ಎಲ್ಲೆಂದರಲ್ಲಿ ಜೋಲುವುದಿಲ್ಲ. ಆ ಅಂಚಿಗೆ ಒಪ್ಪುವ ಮೇಲ್ಮೈಗಳ ನಡುವೆ, ಸ್ವಲ್ಪ ಅಲುಗಿಸಿದರೂ ವಿಸ್ತೀರ್ಣ ಹೆಚ್ಚಾಗಿಬಿಡುವಂತಹ ಒಂದನ್ನು ತಾನಾಗಿ ತಾಳುತ್ತದೆ. ಬೆಲ್ಜಿಯಂ ದೇಶದ ಭೌತವಿಜ್ಞಾನಿ ಪ್ಲಾಟೋ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪ್ರಯೋಗಗಳನ್ನು ವಿಸ್ತಾರವಾಗಿ ಮಾಡಿದ್ದರಿಂದ ಗಣಿತದಲ್ಲಿ ಇದಕ್ಕೆ ಪ್ಲಾಟೋ ಸಮಸ್ಯೆಯೆಂದೇ ಹೆಸರಾಗಿದೆ. ಕೂರಾಂಟರಿಗೆ ಈ ಸಾಬೂನಿನ ಪೊರೆಗಳ ಮೇಲೆ ಬಹಳ ಪ್ರೀತಿ. ಮುಂದೆ ಪ್ರಾಧ್ಯಾಪಕರಾದ ಮೇಲೂ ತಂತಿಗಳನ್ನು ಬಾಗಿಸಿ ಸಭೆಗಳಲ್ಲಿ ಈ ಪ್ರಯೋಗವನ್ನು ತೋರಿಸುತ್ತಿದ್ದರು.

ಇದೇ ವಿಚಾರದ ಇನ್ನೊಂದು ರೂಪವೇ ಡಿರಿಕ್ಲೆ ತತ್ತ್ವ. ಒಂದು ಲೋಹದ ತಗಡಿನ ಅಂಚಿನಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಬಿಸಿಯೆಂದು ನಿಗದಿಮಾಡಿ ಹಾಗೆಯೇ ಕಾಯ್ದುಕೊಂಡರೆ, ಸ್ವಲ್ಪ ಕಾಲದ ಮೇಲೆ ಒಳಗಿನ ಪ್ರತಿಯೊಂದು ಬಿಂದುವಿನ ಬಿಸಿಯೂ ಒಂದೇ ಒಂದು ರೀತಿಯಲ್ಲಿ ನಿಂತುಬಿಡುತ್ತದೆ. ಹಾಗೆ ನಿಂತಾಗ ಒಂದು ನಿರ್ದಿಷ್ಟ ಮೊತ್ತವು ಅತ್ಯಂತ ಕಡಿಮೆಯಾಗಿರುತ್ತದೆ. ಗಣಿತಜ್ಞ ರೀಮಾನರು ಇದನ್ನು ಧಾರಾಳವಾಗಿ ಬಳಸಿದರು. ಅತ್ಯಂತ ಕಡಿಮೆಯ ಮೊತ್ತವೊಂದು ನಿಜವಾಗಿ ಸಿಕ್ಕೇ ಸಿಗುತ್ತದೆಂಬುದಕ್ಕೆ ಆಧಾರವೇನೆಂದು 1870ರಲ್ಲಿ ವೈರ್‌ಸ್ಟ್ರಾಸರು ಆಕ್ಷೇಪವೆತ್ತಿದಾಗ ತತ್ತ್ವವು ಮೂಲೆಗೆ ಬಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹಿಲ್ಬರ್ಟರು ಅದನ್ನು ದೃಢವಾದ ತಳಪಾಯದ ಮೇಲೆ ಮರಳಿ ನಿಲ್ಲಿಸಿದರು. ಶಿಷ್ಯ ಕೂರಾಂಟರು ಅದನ್ನೇ ತಮ್ಮ ಪ್ರಬಂಧದಲ್ಲಿ ಮುಂದುವರಿಸಿದರು, ಮತ್ತು ಸುಮಾರು ನಾಲ್ವತ್ತು ವರ್ಷ ಅದನ್ನು ಬಿಡಲಿಲ್ಲ. 1950ರಲ್ಲಿ ಅದರ ಮೇಲೆಯೇ ಒಂದು ಗ್ರಂಥವನ್ನು ಪ್ರಕಟಿಸಿದರು.

ಕಟ್ಟಿದ ಮನೆ, ಕಳೆದುಕೊಂಡ ಮನೆ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಕೂರಾಂಟರಿಗೆ ಸೈನ್ಯದಿಂದ ಕರೆ ಬಂದಿತು. 1915ರಲ್ಲಿ ಅವರು ರಣರಂಗದಲ್ಲಿ ಗಾಯಗೊಂಡರು. ಕಂದಕಗಳ ತಂತಿಗಳು ಗುಂಡಿನ ದಾಳಿಗೆ ಕಡಿದುಹೋಗುವುದನ್ನು ಕಣ್ಣಾರೆ ಕಂಡಿದ್ದ ಅವರು, ನೆಲದ ಮೂಲಕವೇ ಸಂಕೇತಗಳನ್ನು ಕಳುಹಿಸುವ ಉಪಕರಣದ ಅಭಿವೃದ್ಧಿಯಲ್ಲಿ ತೊಡಗಿದರು. ಗಣಿತಜ್ಞೆಯೇ ಆಗಿದ್ದ ನೆಲ್ಲಿ ನಾಯ್‌ಮನ್ ಅವರೊಂದಿಗೆ 1912ರಲ್ಲಿ ಆಗಿದ್ದ ವಿವಾಹವು 1916ರಲ್ಲಿ ಮುರಿಯಿತು. 1919ರಲ್ಲಿ ಪ್ರಾಧ್ಯಾಪಕ ಕಾರ್ಲ್ ರುಂಗೆ ಅವರ ಮಗಳು ನೀನಾ ಅವರನ್ನು ವರಿಸಿದರು. ಆ ದಂಪತಿಗಳಿಗೆ ನಾಲ್ವರು ಮಕ್ಕಳು. ಸಂಗೀತ ನಿತ್ಯವೂ ಕೇಳಿಬರುತ್ತಿದ್ದ ಮನೆ ಅದು.

1920ರಲ್ಲಿ ಅವರು ಗಟ್ಟಿಂಗೆನ್ನಿನಲ್ಲಿ ಪ್ರಾಧ್ಯಾಪಕರಾದರು. ಅಲ್ಲಿಂದ ಮುಂದಿನ ಹದಿಮೂರು ವರ್ಷಗಳು ಅವರ ಬಾಳಿನ ತುಂಬು ಹೊಳೆ. ಪ್ರಕಾಶಕ ಸ್ಪ್ರಿಂಗರ್ ಅವರೊಂದಿಗೆ ಸೇರಿ ಗಣಿತ ಗ್ರಂಥಗಳ ಮಾಲೆಯೊಂದನ್ನು ಆರಂಭಿಸಿದರು. 1924ರಲ್ಲಿ ಭೌತವಿಜ್ಞಾನಕ್ಕೆ ಬೇಕಾದ ಗಣಿತ ವಿಧಾನಗಳ ಮಹಾಗ್ರಂಥದ ಮೊದಲನೆಯ ಸಂಪುಟ ಹೊರಬಂದಿತು. ಅದನ್ನು ಬರೆದವರು ಕೂರಾಂಟರೇ ಆದರೂ, ವಿಚಾರಗಳು ಗುರುಗಳ ಉಪನ್ಯಾಸಗಳಿಂದ ಬಂದವೆಂಬ ಕಾರಣಕ್ಕೆ ಹಿಲ್ಬರ್ಟರ ಹೆಸರನ್ನೂ ಮುಖಪುಟದಲ್ಲಿ ಇರಿಸಿದರು. ಇಂದಿಗೂ ಅದು ಕೂರಾಂಟ್-ಹಿಲ್ಬರ್ಟ್ ಎಂದೇ ಪ್ರಸಿದ್ಧ. ಅಮೆರಿಕದ ರಾಕ್‌ಫೆಲ್ಲರ್ ನಿಧಿಯ ನೆರವಿನಿಂದ ಗಣಿತಕ್ಕೆಂದೇ ಒಂದು ಕಟ್ಟಡ ಕಟ್ಟಿಸುವ ಕಾರ್ಯವನ್ನು ಅವರು ಹೊತ್ತುಕೊಂಡರು. 1929ರ ಡಿಸೆಂಬರಿನಲ್ಲಿ ಅದರ ಉದ್ಘಾಟನೆಯಾಯಿತು.

ಈ ನಡುವೆ 1928ರಲ್ಲಿ ಶಿಷ್ಯರಾದ ಕುರ್ಟ್ ಫ್ರೀಡ್ರಿಕ್ಸ್ ಮತ್ತು ಹಾನ್ಸ್ ಲೆವಿ ಅವರೊಡನೆ ಒಂದು ಲೇಖನವನ್ನು ಪ್ರಕಟಿಸಿದರು. ಅಲೆಯೊಂದರ ಚಲನೆಯನ್ನು ಚೌಕುಳಿ ಚೌಕುಳಿಯಾಗಿ, ಗಳಿಗೆ ಗಳಿಗೆಯಾಗಿ ಲೆಕ್ಕ ಹಾಕುವಾಗ, ನಾವು ಹಾಕುವ ಕಾಲದ ಹೆಜ್ಜೆಯು ಅಲೆಯು ಒಂದು ಚೌಕುಳಿಯನ್ನು ದಾಟುವ ಕಾಲಕ್ಕಿಂತ ದೊಡ್ಡದಾಗಬಾರದು. ಆದರೆ ಲೆಕ್ಕ ಹುಚ್ಚೆದ್ದು ಹೋಗುತ್ತದೆ ಎಂಬುದು ಅದರಿಂದ ಹೊರಟ ನಿಯಮ. ಅಂದು ಕಂಪ್ಯೂಟರುಗಳೇ ಇರಲಿಲ್ಲ. ಇಂದು ಹವಾಮಾನದ ಮುನ್ಸೂಚನೆಯ ಲೆಕ್ಕಾಚಾರದಲ್ಲಿ ತೊಡಗುವವರೆಲ್ಲರೂ ಆ ಮೂವರ ಹೆಸರಿನ ಈ ನಿಯಮವನ್ನು ಮೊದಲು ಕಲಿಯುತ್ತಾರೆ.

1933ರ ಜನವರಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಏಪ್ರಿಲ್ ತಿಂಗಳಲ್ಲಿ ಯೆಹೂದಿಗಳನ್ನು ಸರಕಾರಿ ಸೇವೆಯಿಂದ ತೆಗೆಯುವ ಕಾನೂನು ಹೊರಟಿತು. ಯುದ್ಧದಲ್ಲಿ ಮುಂದಣ ಸಾಲಿನಲ್ಲಿ ಹೋರಾಡಿದವರಿಗೆ ಆ ಕಾನೂನಿನಲ್ಲಿ ವಿನಾಯಿತಿಯಿತ್ತು; ಕೂರಾಂಟರು ರಣರಂಗದಲ್ಲಿ ಗಾಯಗೊಂಡವರೇ ಆಗಿದ್ದರು. ಆದರೂ ಅದೇ ತಿಂಗಳ ಕೊನೆಯ ವಾರದಲ್ಲಿ ಅವರನ್ನು ಕಡ್ಡಾಯ ರಜೆಯ ಮೇಲೆ ಕಳುಹಿಸಲಾಯಿತು. ಮಹಾ ಗಣಿತಜ್ಞೆ ಎಮ್ಮಿ ನೋಯಿಥರ್, ಭೌತವಿಜ್ಞಾನಿ ಮಾಕ್ಸ್ ಬಾರ್ನ್ ಮೊದಲಾದವರಿಗೂ ಅದೇ ಗತಿಯಾಯಿತು. ಸಹೋದ್ಯೋಗಿಗಳು ಕೂರಾಂಟರ ಪರವಾಗಿ ಮನವಿ ಬರೆದರು, ಪ್ರಯೋಜನವಾಗಲಿಲ್ಲ. ತಾನೇ ಮುಂದೆ ನಿಂತು ಕಟ್ಟಿಸಿದ ಕಟ್ಟಡಕ್ಕೆ ಇನ್ನೂ ನಾಲ್ಕು ವರ್ಷ ತುಂಬಿರಲಿಲ್ಲ. ಜಗತ್ತಿಗೆ ಮಾದರಿಯಾಗಿದ್ದ ಗಣಿತ ಕೇಂದ್ರವು ಕೆಲವೇ ತಿಂಗಳುಗಳಲ್ಲಿ ಬರಿದಾಯಿತು.

ಹೊರಟುಹೋದದ್ದರಿಂದ ಅವರು ಉಳಿದರು. ಉಳಿಯದವರ ಹೆಸರನ್ನೂ ಇಲ್ಲಿ ನೆನೆಯಬೇಕು. ಮೊದಲ ಪತ್ನಿ ನೆಲ್ಲಿ ನಾಯ್‌ಮನ್ ಅವರನ್ನು ಮಿನ್ಸ್ಕ್ ನಗರಕ್ಕೆ ಸಾಗಿಸಿ 1942ರಲ್ಲಿ ಕೊಲ್ಲಲಾಯಿತು. ಸೋದರಸಂಬಂಧಿಯಾಗಿದ್ದ ತತ್ತ್ವಜ್ಞಾನಿ ಈಡಿತ್ ಸ್ಟೈನ್ ಕ್ರೈಸ್ತ ಸನ್ಯಾಸಿನಿಯಾಗಿದ್ದರೂ, ಅದೇ ವರ್ಷ ಆಶ್‌ವಿಟ್ಸ್‌ನಲ್ಲಿ ಪ್ರಾಣ ಕಳೆದುಕೊಂಡರು.

ಮತ್ತೆ ಮೊದಲಿನಿಂದ

ಒಂದು ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದು, 1934ರಲ್ಲಿ ಕೂರಾಂಟರು ಸಂಸಾರ ಸಮೇತ ನ್ಯೂಯಾರ್ಕಿಗೆ ಬಂದರು. ಆಗ ಅವರಿಗೆ ನಾಲ್ವತ್ತಾರು ವರ್ಷ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಕೆಲಸವೇನೋ ದೊರೆಯಿತು. ಆದರೆ ಗಣಿತ ಸಂಶೋಧನೆಗೆ ಅಲ್ಲಿ ಹೆಸರಿರಲಿಲ್ಲ. ಹೆಚ್ಚಿನ ವಿದ್ಯಾರ್ಥಿಗಳು ಸಾಧಾರಣ ಕುಟುಂಬಗಳವರು. ಹಗಲು ದುಡಿದು ಸಂಜೆ ಓದುವವರೂ ಇದ್ದರು. ಗಟ್ಟಿಂಗೆನ್ನಿನ ವೈಭವವನ್ನು ಕಂಡವರಿಗೆ ಇದು ಇಳಿದ ಮೆಟ್ಟಿಲೆಂದು ತೋರಬಹುದಾಗಿತ್ತು. ಮನೆಪಾಠ ಹೇಳಿ ಓದಿದ್ದ ಕೂರಾಂಟರು ಈ ಮಕ್ಕಳಲ್ಲಿಯೇ ಸತ್ತ್ವವಿದೆಯೆಂದು ಕಂಡುಕೊಂಡರು.

1937ರಲ್ಲಿ ಹಳೆಯ ಶಿಷ್ಯ ಫ್ರೀಡ್ರಿಕ್ಸ್ ಅವರನ್ನು ಸೇರಿದರು. ಫ್ರೀಡ್ರಿಕ್ಸ್ ಯೆಹೂದಿಯಲ್ಲ. ಆದರೆ ಅವರು ಮದುವೆಯಾಗಬಯಸಿದ್ದ ತರುಣಿ ಯೆಹೂದಿಯಾಗಿದ್ದಳು. 1935ರ ಕಾನೂನಿನ ಪ್ರಕಾರ ಜರ್ಮನಿಯಲ್ಲಿ ಅಂತಹ ವಿವಾಹ ಅಪರಾಧವಾಗಿತ್ತು. ಅವಳಿಗಾಗಿ ಅವರು ಪ್ರಾಧ್ಯಾಪಕ ಪದವಿಯನ್ನೂ ದೇಶವನ್ನೂ ಬಿಟ್ಟು ಬಂದರು. ಇಂಜಿನಿಯರಿಂಗ್ ಹಿನ್ನೆಲೆಯ ಜೇಮ್ಸ್ ಸ್ಟೋಕರ್ ಸಹ ಜೊತೆಗೂಡಿದರು. ಈ ಮೂವರಿಂದ ಹೊಸ ಮನೆಯ ಕೆಸರುಗಲ್ಲು ಬಿದ್ದಿತು.

ಗುಣಗಳನ್ನು ಹೇಳುವಾಗ ಕೊರತೆಯನ್ನೂ ಹೇಳುವುದು ಚರಿತ್ರೆಕಾರನ ಧರ್ಮ. 1941ರಲ್ಲಿ, ಗಣಿತವೆಂದರೇನು ಎಂಬ ಪ್ರಶ್ನೆಯನ್ನೇ ಹೆಸರಾಗಿಸಿಕೊಂಡ, ಸಾಮಾನ್ಯ ಓದುಗರಿಗಾಗಿ ರಚಿತವಾದ ಅವರ ಸುಂದರ ಗ್ರಂಥ ಹೊರಬಂದಿತು. ಅದರಲ್ಲಿ ಹರ್ಬರ್ಟ್ ರಾಬಿನ್ಸ್ ಎಂಬ ತರುಣ ಗಣಿತಜ್ಞರ ಶ್ರಮ ಬಹಳವಾಗಿತ್ತು. ಮುದ್ರಣದ ಹಂತದಲ್ಲಿ ಶೀರ್ಷಿಕೆಯ ಪುಟದಲ್ಲಿ ತಮ್ಮ ಹೆಸರಿಲ್ಲದಿರುವುದನ್ನು ಕಂಡು ತಾವು ಆಕ್ಷೇಪಿಸಬೇಕಾಯಿತೆಂದು ರಾಬಿನ್ಸರು ಮುಂದೆ ಹೇಳಿಕೊಂಡಿದ್ದಾರೆ. ಆ ಬಳಿಕವೇ ಇಬ್ಬರ ಹೆಸರೂ ಅಚ್ಚಾಯಿತು. ಬರೆಯದಿದ್ದ ಗುರುವಿನ ಹೆಸರನ್ನು ಹರ್ಷದಿಂದ ಸೇರಿಸಿದವರು, ಬರೆದ ಕಿರಿಯನ ಹೆಸರನ್ನು ಸೇರಿಸಲು ಹಿಂಜರಿದರು. ಹಿರಿಯರಾದ ನಾವೆಲ್ಲರೂ ನಮ್ಮ ಕೈಕೆಳಗಿನವರನ್ನು ನೆನೆದು ಈ ಪ್ರಸಂಗವನ್ನು ಎರಡು ಬಾರಿ ಓದಿಕೊಳ್ಳಬೇಕು.

ತ್ರಿಭುಜಗಳ ಲೇಖನ

ಈಗ ಮುಖ್ಯ ವಿಷಯಕ್ಕೆ ಬರೋಣ. 1941ರ ಮೇ ತಿಂಗಳಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಕೂರಾಂಟರು ಒಂದು ಉಪನ್ಯಾಸವನ್ನಿತ್ತರು. 1943ರ ಜನವರಿಯಲ್ಲಿ ಅದು ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಅದರ ಮುಂದಿನ ತಿಂಗಳಿನಲ್ಲಿಯೇ ಅತ್ತ ಗಟ್ಟಿಂಗೆನ್ನಿನಲ್ಲಿ ವೃದ್ಧ ಹಿಲ್ಬರ್ಟರು ಕಣ್ಮುಚ್ಚಿದರು.

ಆ ಲೇಖನದ ಕೊನೆಯಲ್ಲಿ ಒಂದು ಉದಾಹರಣೆಯಿದೆ. ಚೌಕಾಕಾರದ ದಂಡ. ಅದರ ನಡುವೆ ಉದ್ದಕ್ಕೂ ಚೌಕಾಕಾರದ ಪೊಳ್ಳು. ಈ ದಂಡವನ್ನು ತಿರುಚಿದರೆ ಅದು ಎಷ್ಟು ಬಿಗಿಯಾಗಿ ಎದುರು ನಿಲ್ಲುತ್ತದೆ? ಇದೇ ಪ್ರಶ್ನೆ. ತಿರುಚುವಿಕೆಯ ಲೆಕ್ಕವನ್ನು ಪೊರೆಯ ಲೆಕ್ಕವಾಗಿ ಮಾರ್ಪಡಿಸಬಹುದೆಂದು ಪ್ರಾಂಟ್‌ಲ್ 1903ರಲ್ಲಿ ತೋರಿಸಿಕೊಟ್ಟಿದ್ದರು. ದಂಡವನ್ನು ಅಡ್ಡ ಕೊಯ್ದರೆ ಕಾಣುವ ಆಕಾರದ ಅಂಚಿಗೆ ಪೊರೆಯೊಂದನ್ನು ಬಿಗಿದು, ಕೆಳಗಿನಿಂದ ಮೆಲ್ಲನೆ ಗಾಳಿಯೂದಿದರೆ ಪೊರೆ ಉಬ್ಬುತ್ತದೆ. ಆ ಉಬ್ಬಿನ ಅಡಿಯ ಗಾತ್ರವು ಹೆಚ್ಚಿದಷ್ಟೂ ದಂಡದ ಬಿಗಿ ಹೆಚ್ಚು. ಹೀಗೆ ದಂಡದ ಪ್ರಶ್ನೆಯು ಒಂದು ಮೇಲ್ಮೈಯನ್ನು ಕಂಡುಹಿಡಿಯುವ ಪ್ರಶ್ನೆಯಾಯಿತು. ಅಂಚು ಗೊತ್ತು, ನಡುವಣ ಮೈ ಗೊತ್ತಿಲ್ಲ.

ಇಂತಹ ಮೈಯನ್ನು ಅಂದಾಜು ಮಾಡುವುದಕ್ಕೆ, 1909ರಲ್ಲಿ ಅಕಾಲ ಮರಣಕ್ಕೆ ತುತ್ತಾದ ವಾಲ್ಟರ್ ರಿಟ್ಸ್ ಎಂಬ ಪ್ರತಿಭಾವಂತರು ಒಂದು ವಿಧಾನವನ್ನು ಕೊಟ್ಟಿದ್ದರು. ಆದರೆ ಅದರಲ್ಲಿ ಇಡೀ ಮೇಲ್ಮೈಗೆ ಒಪ್ಪುವ, ಅಂಚಿನಲ್ಲಿಯೂ ಸರಿಹೊಂದುವ ಸೂತ್ರಗಳನ್ನು ಮೊದಲೇ ಊಹಿಸಬೇಕಾಗಿತ್ತು. ಆಕಾರವು ಸರಳವಾಗಿದ್ದರೆ ಸರಿ. ಮೂಲೆಗಳೂ ಪೊಳ್ಳುಗಳೂ ಬಂದರೆ ಅಂತಹ ಸೂತ್ರವನ್ನು ಹುಡುಕುವುದೇ ಪ್ರಯಾಸ. ಕೂರಾಂಟರು ದಾರಿ ಬದಲಿಸಿದರು. ಇಡೀ ಆಕಾರವನ್ನು ತ್ರಿಭುಜಗಳಾಗಿ ವಿಭಾಗಿಸಿದರು. ಪ್ರತಿಯೊಂದು ತ್ರಿಭುಜದ ಮೇಲೂ ಮೈಯು ಚಪ್ಪಟೆಯಾದ, ಓರೆಯಾಗಿ ನಿಂತ ಹಲಗೆಯೆಂದು ಭಾವಿಸಿದರು. ಹಾಗಾದರೆ ನಾವು ತಿಳಿಯಬೇಕಾದದ್ದು ಶೃಂಗಗಳಲ್ಲಿ ಮೈಯು ಎಷ್ಟು ಎತ್ತರದಲ್ಲಿದೆಯೆಂಬುದನ್ನು ಮಾತ್ರ. ಮೂರು ಬಿಂದುಗಳು ಗೊತ್ತಾದರೆ ಅವುಗಳ ಮೂಲಕ ಹಾದುಹೋಗುವ ಸಮತಲ ಒಂದೇ ಎಂಬುದು ರೇಖಾಗಣಿತದ ಮೊದಲ ಪಾಠಗಳಲ್ಲಿ ಒಂದು.

ತ್ರಿಭುಜವೇ ಏಕೆ? ಪಕ್ಕಪಕ್ಕದ ಎರಡು ತ್ರಿಭುಜಗಳಿಗೆ ಒಂದು ಬಾಹು ಸಮಾನವಾಗಿರುತ್ತದೆ. ಆ ಬಾಹುವಿನ ಎರಡು ತುದಿಗಳಲ್ಲಿ ಎರಡು ಹಲಗೆಗಳ ಎತ್ತರವೂ ಒಂದೇ ಆಗಿದ್ದರೆ, ಇಡೀ ಬಾಹುವಿನ ಉದ್ದಕ್ಕೂ ಅವು ಕೂದಲೆಳೆಯ ಸಂದಿಲ್ಲದೆ ಕೂಡಿಕೊಳ್ಳುತ್ತವೆ. ಇನ್ನೇನನ್ನೂ ಪರೀಕ್ಷಿಸಬೇಕಾಗಿಲ್ಲ. ಅನಂತರ ಪ್ರತಿಯೊಂದು ತ್ರಿಭುಜವೂ ಒಟ್ಟು ಶಕ್ತಿಗೆ ಕೊಡುವ ಪಾಲನ್ನು ಕೂಡಿಸಿ, ಆ ಮೊತ್ತವು ಅತ್ಯಂತ ಕಡಿಮೆಯಾಗಬೇಕೆಂದು ವಿಧಿಸಿದರೆ, ಒಂದೊಂದು ಶೃಂಗಕ್ಕೆ ಒಂದೊಂದರಂತೆ ಏಕಕಾಲಿಕ ಸಮೀಕರಣಗಳು ಹುಟ್ಟುತ್ತವೆ. ಹತ್ತನೆಯ ತರಗತಿಯ ಮಕ್ಕಳು ಎರಡು ಅವ್ಯಕ್ತಗಳಿಗೆ ಬಿಡಿಸುವ ಸಮೀಕರಣಗಳ ವಂಶದವೇ ಇವು. ದಂಡದ ಸಮರೂಪತೆಯ ಲಾಭ ಪಡೆದು ಎಂಟನೆಯ ಒಂದು ಭಾಗವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಬೆರಳೆಣಿಕೆಯ ಶೃಂಗಗಳಿಂದಲೇ ಕೂರಾಂಟರು ತೃಪ್ತಿಕರವಾದ ಉತ್ತರವನ್ನು ಪಡೆದರು.

ನಮ್ಮ ಮನೆಗಳಲ್ಲಿ ಹಲಸಿನ ಎಲೆಯ ಕೊಟ್ಟೆ ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಾಗಿ ತೋರಲಾರದು. ನಾಲ್ಕು ಎಲೆಗಳೂ ಚಪ್ಪಟೆಯೇ. ಕಡ್ಡಿ ಚುಚ್ಚಿ ಅಂಚಿಗೆ ಅಂಚು ಸೇರಿಸಿದಾಗ ಹಿಟ್ಟು ಹೊಯ್ಯಬಹುದಾದ ಬಟ್ಟಲಾಗುತ್ತದೆ. ಎಲೆಗಳೆಲ್ಲ ಸರಿಯಿದ್ದು ಒಂದು ಕಡ್ಡಿ ತಪ್ಪಿದರೂ ಹಿಟ್ಟು ಸೋರಿಹೋಗುತ್ತದೆ.

ಇಂದಿನ ಇಂಜಿನಿಯರುಗಳ ಕೆಲಸದಲ್ಲಿಯೂ ಇದೇ ಎಚ್ಚರ ಮುಖ್ಯವೆಂದು ನನ್ನ ವಿದ್ಯಾರ್ಥಿಯು ಬಿಡಿಸಿ ಹೇಳಿದನು. ಒಂದು ಯಂತ್ರದಲ್ಲಿ ಹಲವು ಭಾಗಗಳಿರುತ್ತವೆ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸಣ್ಣ ಘಟಕಗಳಾಗಿ ಒಡೆಯುತ್ತಾರೆ. ಭಾಗದ ಹೊರಮೈ ಯಾವುದೆಂಬುದು ಕಂಪ್ಯೂಟರಿಗೆ ತಾನಾಗಿ ತಿಳಿಯುವುದಿಲ್ಲ. ಇಂತಿಂತಹ ಘಟಕಗಳ ಇಂತಿಂತಹ ಮುಖಗಳು ಸೇರಿ ಈ ಮೇಲ್ಮೈಯಾಯಿತು, ಹೊರಗು ಈ ಕಡೆ, ಒಳಗು ಆ ಕಡೆ ಎಂದು ಹೇಳಿಕೊಡಬೇಕು. ಒತ್ತಡ ಬೀಳುವುದು ಆ ಮೇಲ್ಮೈಯ ಮೇಲೆ. ಅನಂತರ ಭಾಗಗಳನ್ನು ಜೋಡಿಸಬೇಕು. ಎರಡು ಭಾಗಗಳ ಶೃಂಗಗಳು ಒಂದರ ಮೇಲೊಂದು ಸರಿಯಾಗಿ ಕೂತರೆ ಅವುಗಳನ್ನು ಒಂದೇ ಶೃಂಗವೆಂದು ಎಣಿಸಬಹುದು. ಹಾಗೆ ಕೂರದಿದ್ದರೆ, ಈ ಮೇಲ್ಮೈ ಆ ಮೇಲ್ಮೈಗೆ ಅಂಟಿದೆ ಎಂದಾಗಲಿ, ಅಂಟದೆ ತಾಗಿಕೊಂಡು ಜಾರಬಲ್ಲದು ಎಂದಾಗಲಿ ಬೇರೆಯಾಗಿ ವಿಧಿಸಬೇಕು. ಈ ಮಾತನ್ನು ಹೇಳದೆ ಬಿಟ್ಟರೆ, ಪರದೆಯ ಚಿತ್ರದಲ್ಲಿ ಎರಡು ಭಾಗಗಳು ಕೂಡಿಕೊಂಡಂತೆ ಕಂಡರೂ ಲೆಕ್ಕದಲ್ಲಿ ಅವು ಒಂದಕ್ಕೊಂದು ಅಪರಿಚಿತವೇ. ಒಂದರ ಮೇಲೆ ಹೊರಿಸಿದ ಭಾರವು ಇನ್ನೊಂದಕ್ಕೆ ತಲಪುವುದೇ ಇಲ್ಲ.

ಕೂರಾಂಟರ ಈ ಬೀಜವು ಕೂಡಲೇ ಮೊಳೆಯಲಿಲ್ಲ. ಶೃಂಗಗಳು ನೂರಾರಾದರೆ ಸಮೀಕರಣಗಳೂ ನೂರಾರು. ಅವುಗಳನ್ನು ಕೈಯಿಂದ ಬಿಡಿಸುವುದು ಯಾರಿಂದ ಸಾಧ್ಯ? ಕಂಪ್ಯೂಟರುಗಳು ಬರುವವರೆಗೆ ಲೇಖನವು ಹೆಚ್ಚಿನವರ ಗಮನಕ್ಕೆ ಬಾರದೆ ಉಳಿಯಿತು. 1950ರ ದಶಕದಲ್ಲಿ ವಿಮಾನಗಳ ರೆಕ್ಕೆಗಳನ್ನು ಲೆಕ್ಕ ಹಾಕುತ್ತಿದ್ದ ಇಂಜಿನಿಯರುಗಳು ತಮ್ಮದೇ ದಾರಿಯಿಂದ ಅದೇ ಸ್ಥಳಕ್ಕೆ ಬಂದು ಮುಟ್ಟಿದರು. ಯೂರೋಪಿನಲ್ಲಿ ಆರ್ಗಿರಿಸ್, ಅಮೆರಿಕದಲ್ಲಿ ಟರ್ನರ್, ಕ್ಲಫ್, ಮಾರ್ಟಿನ್ ಮತ್ತು ಟಾಪ್ ಅವರು ಪ್ರಮುಖರು. ಈ ನಾಲ್ವರ ಲೇಖನ 1956ರಲ್ಲಿ ಬಂದಿತು. 1960ರಲ್ಲಿ ಕ್ಲಫ್ ಅವರು ಫೈನೈಟ್ ಎಲಿಮೆಂಟ್ ಎಂಬ ಹೆಸರನ್ನಿತ್ತರು. ಚೀನಾ ದೇಶದಲ್ಲಿ ಅಣೆಕಟ್ಟುಗಳ ಲೆಕ್ಕದಿಂದ ಹೊರಟ ಫೆಂಗ್ ಕಾಂಗ್ ಅವರು 1965ರಲ್ಲಿ ಸ್ವತಂತ್ರವಾಗಿ ಇದನ್ನೇ ಪ್ರಕಟಿಸಿದರು. ಇದು ಸರಿಯಾದ ಉತ್ತರವನ್ನೇ ಏಕೆ ಕೊಡುತ್ತದೆಂದು ಗಣಿತಜ್ಞರು ವಿಚಾರಿಸತೊಡಗಿದಾಗ ಕೂರಾಂಟರ ಹಳೆಯ ಲೇಖನವು ಬೆಳಕಿಗೆ ಬಂದಿತು. ಚಪ್ಪಟೆ ಹಲಗೆಯ ಆ ತ್ರಿಭುಜಕ್ಕೆ ಈಗ ಅವರದೇ ಹೆಸರಿದೆ.

ಕೊನೆಯ ದಿನಗಳು

ಯುದ್ಧಕಾಲದಲ್ಲಿ ಕೂರಾಂಟರ ತಂಡವು ಸ್ಫೋಟದ ಅಲೆಗಳ ಗಣಿತದಲ್ಲಿ ತೊಡಗಿತು. ಫ್ರೀಡ್ರಿಕ್ಸ್ ಅವರೊಡನೆ ಬರೆದ ಆ ವಿಷಯದ ಗ್ರಂಥ 1948ರಲ್ಲಿ ಹೊರಬಂದಿತು. 1947ರಲ್ಲಿ ಅವರು ಪಾಳುಬಿದ್ದ ಜರ್ಮನಿಗೆ ಹೋಗಿ ಹಳೆಯ ಸಹೋದ್ಯೋಗಿಗಳನ್ನು ಕಂಡರು. ತಮ್ಮನ್ನು ಹೊರಹಾಕಿದ ನಾಡೆಂದು ಬಾಗಿಲು ಮುಚ್ಚಿಕೊಳ್ಳದೆ, ಅಲ್ಲಿನ ತರುಣ ಗಣಿತಜ್ಞರು ಮತ್ತೆ ಹೊರಜಗತ್ತಿನೊಡನೆ ಸೇರುವಂತೆ ನೆರವಾದರು.

ನ್ಯೂಯಾರ್ಕಿನ ಸಂಸ್ಥೆಯು ಬಹುಕಾಲ ಎರವಲು ಕೋಣೆಗಳಲ್ಲಿಯೇ ಬೆಳೆಯಿತು. ಒಂದು ಕಾಲದಲ್ಲಿ ಹಳೆಯ ಟೋಪಿ ಕಾರ್ಖಾನೆಯ ಕಟ್ಟಡವೂ ಅದಕ್ಕೆ ಆಶ್ರಯವಾಗಿತ್ತು. 1958ರಲ್ಲಿ ಕೂರಾಂಟರು ನಿವೃತ್ತರಾದರು. 1964ರಲ್ಲಿ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು. 1972ರ ಜನವರಿ 27ರಂದು, ನ್ಯೂಯಾರ್ಕಿನ ಸಮೀಪದ ನ್ಯೂ ರೋಶೆಲ್‌ನಲ್ಲಿ, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಆ ಸಂಸ್ಥೆಗೆ 1963ರಲ್ಲಿ ಬಂದು ಸೇರಿದ ನಮ್ಮ ದೇಶದ, ಚೆನ್ನೈಯಲ್ಲಿ ಹುಟ್ಟಿದ ಎಸ್.ಆರ್. ಶ್ರೀನಿವಾಸ ವರದನ್ ಅವರಿಗೆ 2007ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಏಬೆಲ್ ಪ್ರಶಸ್ತಿ ಲಭಿಸಿತು. ಅದಕ್ಕಿಂತ ಎರಡು ವರ್ಷ ಮೊದಲು ಅದೇ ಪ್ರಶಸ್ತಿಯನ್ನು ಪಡೆದ ಪೀಟರ್ ಲ್ಯಾಕ್ಸ್ ಅವರು ಕೂರಾಂಟರ ಸಂಸ್ಥೆಯಲ್ಲಿಯೇ ಕಲಿತು ಬೆಳೆದವರು.

ಕೂರಾಂಟರ ಬಾಳಿನಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು 1933 ಮತ್ತು 1934 ಎಂಬ ಎರಡು ಇಸವಿಗಳು. ಮೊದಲನೆಯ ವರ್ಷ ಕಟ್ಟಡ, ಗ್ರಂಥಾಲಯ, ಪದವಿ ಎಲ್ಲವೂ ಕೈತಪ್ಪಿದವು. ಎರಡನೆಯ ವರ್ಷ ಹೊಸ ನಾಡಿನಲ್ಲಿ, ತನ್ನದಲ್ಲದ ಭಾಷೆಯಲ್ಲಿ, ಎದುರಿಗೆ ಕುಳಿತ ಕೆಲವೇ ಮಕ್ಕಳಿಗೆ ಅವರು ಪಾಠ ಆರಂಭಿಸಿದರು. ಗಟ್ಟಿಂಗೆನ್ನಿನ ಕಟ್ಟಡದಿಂದ ಒಂದು ಇಟ್ಟಿಗೆಯನ್ನೂ ಅವರು ತಂದಿರಲಿಲ್ಲ. ತಂದದ್ದು ಕಲಿಸುವ ಕ್ರಮವನ್ನು ಮತ್ತು ಜನರನ್ನು ಒಬ್ಬರಿಗೊಬ್ಬರು ಜೋಡಿಸುವ ಬುದ್ಧಿಯನ್ನು.

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆಂಬ ಚಿಂತೆ ಇಂದು ಎಲ್ಲೆಡೆಯೂ ಇದೆ. ಅದು ನಿಜವಾದ ಚಿಂತೆ, ಭಾಷಣದಿಂದ ಪರಿಹಾರವಾಗುವಂಥದಲ್ಲ. ಆದರೆ ತರಗತಿಯಲ್ಲಿ ಹತ್ತು ಮಕ್ಕಳಿದ್ದಾರೆಯೇ, ನಾಲ್ವತ್ತು ಮಕ್ಕಳಿದ್ದಾರೆಯೇ ಎಂಬುದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಶಿಕ್ಷಕ, ಮಗು, ಮನೆ, ಊರು, ಇವು ತಾಗುವ ಕಡೆಗಳಲ್ಲಿ ನಿಜವಾಗಿ ಕೂಡಿಕೊಂಡಿವೆಯೇ, ಅಥವಾ ವಾರ್ಷಿಕೋತ್ಸವದ ಚಿತ್ರದಲ್ಲಿ ಮಾತ್ರ ಕೂಡಿಕೊಂಡಂತೆ ಕಾಣುತ್ತಿವೆಯೇ? ಐವತ್ತು ವರ್ಷಗಳ ಕಾಲ ಈ ಶಾಲೆ ನಿಂತಿರುವುದು ಹೆಸರು ಅಚ್ಚಾಗದ ಎಷ್ಟೋ ಜನರು ಆ ಕಡ್ಡಿಗಳನ್ನು ತಪ್ಪದೆ ಚುಚ್ಚುತ್ತ ಬಂದದ್ದರಿಂದ.

ನಮ್ಮ ವಿದ್ಯಾರ್ಥಿಗಳು ಗಣಿತವನ್ನು ಹೆದರಿಕೆಯಿಲ್ಲದೆ ಓದಲಿ. ಕನ್ನಡದಲ್ಲಿ ಓದಿದವರಿಗೆ ಇಂತಹ ವಿದ್ಯೆ ನಿಲುಕದೆಂಬ ಮಾತನ್ನು ಯಾರೇ ಹೇಳಿದರೂ ನಂಬದಿರಲಿ. ಮೂರು ಬಿಂದು, ಒಂದು ಸಮತಲ, ಕೆಲವು ಏಕಕಾಲಿಕ ಸಮೀಕರಣ, ಇವಿಷ್ಟೂ ನಮ್ಮ ಹತ್ತನೆಯ ತರಗತಿಯೊಳಗಣ ಸೊತ್ತು.